ಮೇ ಮಾರ್ನಿಂಗ್ ಓಡದ ದಿನ

ಸಂತ ಪ್ಯಾಟ್ರಿಕ್ಕನ ಹಬ್ಬದ ಬೆಳಿಗ್ಗೆ ಇಗರ್ಜಿಯಿಂದ ಮನೆಗೆ ಬಂದು ಬಾರ್ಟ್ಲಿ ನೂನನ್ ಮೊಟ್ಟೆಯ ಸಿಪ್ಪೆಗೆ ಚಮಚ ತಾಗಿಸುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಅವನಿಗೆ ಅಳುವೇ ಬಂದಂತಾಯಿತು. ಪರಮಪ್ರಸಾದ ತೆಗೆದುಕೊಳ್ಳುವವರು ಹಿಂದಿನ ನಡುರಾತ್ರಿಯಿಂದ ನೀರನ್ನೂ ಮುಟ್ಟಬಾರದೆಂಬ ಕಟ್ಟಳೆ ಆ ಕಾಲದಲ್ಲಿ ಬಲು ಗಟ್ಟಿಯಾಗಿತ್ತು. ಅಂಥ ಬೆಳಿಗ್ಗೆ ಕಿಲ್‌ಮೊರಾ ಊರಿನ ಮನೆಗಳಲ್ಲಿ, ಇಗರ್ಜಿಯ ಬಲಿಪೂಜೆ ಮುಗಿಯುವವರೆಗೆ ಚಹಾದ ನೀರು ಕೂಡ ಕಾಯುತ್ತಿರಲಿಲ್ಲ. ಒಲೆಯ ಮೇಲೆ ಬೆಕ್ಕು ಮಲಗಿರುತ್ತಿತ್ತು.

ಮೇಜಿನ ಆಚೆಗೆ ಕೂತಿದ್ದವರು ಕಾರ್ನೀಲಿಯಸ್ ಟಾರ್ಪಿ. ಬಾರ್ಟ್ಲಿ ಅವರ ಮಹಡಿಯ ಬಾಡಿಗೆದಾರ, ಅವರ ಏಕೈಕ ಸ್ನೇಹಿತ. ಟಾರ್ಪಿಯವರು ತಮ್ಮ ಆಯುಷ್ಯದ ಬಹುಭಾಗವನ್ನು ರೇಸ್ ಕೋರ್ಸಿನ ಗೆಲುವಿನ ಕಂಬದ ಎದುರಿನ ಗೂಡಿನಲ್ಲಿ ಕಳೆದಿದ್ದರು. ಯಾವ ಕುದುರೆಯ ಮೂಗು ಮೊದಲು ಕಂಬ ದಾಟಿತೆಂದು ಹೇಳುವುದೇ ಅವರ ಉದ್ಯೋಗ. ಫೋಟೋ ತೆಗೆದು ತೀರ್ಮಾನಿಸುವ ಯಂತ್ರ ಇನ್ನೂ ಬಂದಿರಲಿಲ್ಲ, ಅವರ ಕಣ್ಣೇ ಯಂತ್ರ. ನಿವೃತ್ತರಾದ ಮೇಲೆ ಊರಿನ ಕಳವು, ಜಗಳ, ಕಾಣೆಯಾದ ವಸ್ತುಗಳೆಲ್ಲ ಅವರ ಮನೆ ಬಾಗಿಲಿಗೆ ಬರತೊಡಗಿದವು. ಬಾರ್ಟ್ಲಿಯದು ತದ್ವಿರುದ್ಧ ಕಸುಬು. ಅವನು ವಾರಪತ್ರಿಕೆಯಲ್ಲಿ ನಾಳೆ ಯಾವ ಕುದುರೆ ಗೆಲ್ಲುತ್ತದೆಂದು ಬರೆಯುವವನು, ಅಂದರೆ ಹೆಚ್ಚಾಗಿ ತಪ್ಪು ಬರೆಯುವವನು.

ಬಾಗಿಲು ಬಡಿಯುವ ಮುಂಚೆ ಅವನು ಟಾರ್ಪಿಯವರನ್ನು ಕಾಡಿಸುತ್ತಿದ್ದ. ಇಗರ್ಜಿಯಲ್ಲೂ ಕೊನೆಯ ಬೆಂಚಿನಲ್ಲಿ ಕೂತು, ಪ್ರಸಾದಕ್ಕೆ ಯಾರು ಮೊದಲು ಹೋದರು, ಯಾರು ಹಿಂದೆ ಬಿದ್ದರು ಅಂತ ನೋಡುತ್ತಾ ಇರುತ್ತೀರಲ್ಲ ಎಂದು ಅವನ ಆರೋಪ. ಟಾರ್ಪಿಯವರು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ, ಇವತ್ತು ತಪ್ಪದೆ ಹೋಗುವವರೊಬ್ಬರು ಕೂತಲ್ಲೇ ಕೂತಿದ್ದರು ಎಂದಷ್ಟೇ ಹೇಳಿದ್ದರು. ಮೊಟ್ಟೆಯ ಧ್ಯಾನದಲ್ಲಿದ್ದ ಬಾರ್ಟ್ಲಿ ಯಾರೆಂದು ಕೇಳಲಿಲ್ಲ.

ಬಂದವನು ಪ್ಯಾಕಿ ಲೈನ್, ಗಿಲ್ಡೀ ಮನೆಯ ಲಾಯದಾಳು. ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನಿಂತ.

"ಟಾರ್ಪಿ ಯಜಮಾನ್ರೇ, ನಾನು ಕುಡಿದಿಲ್ಲ," ಎಂದ. "ಚಿಲಕ ಹಾಕಿದ್ದೆ. ನನ್ ಮಾತು ಯಾರೂ ನಂಬ್ತಿಲ್ಲ."

ಅವನನ್ನು ಕೂರಿಸಿ, ಚಹಾ ಕೊಟ್ಟು, ಕತೆ ಹೊರಡಿಸಬೇಕಾಯಿತು. ಆ ಮಧ್ಯಾಹ್ನ ಪ್ಯಾಟ್ರಿಕ್ ಕಪ್, ಕಿಲ್‌ಮೊರಾದ ಬೇಲಿ ಹಾರುವ ಓಟಗಳಲ್ಲೆಲ್ಲ ದೊಡ್ಡದು. ಗೆಲ್ಲುವುದು ಗಿಲ್ಡೀ ಮನೆಯ ಹೆಣ್ಣುಕುದುರೆ ಮೇ ಮಾರ್ನಿಂಗ್ ಎಂದು ಊರಿಗೆ ಊರೇ ನಂಬಿತ್ತು. ಪ್ಯಾಕಿ ನಸುಕಿನಲ್ಲಿ ಎದ್ದು ಅವಳಿಗೆ ಒಂದು ಹಿಡಿ ಓಟ್ಸ್ ಹಾಕಿದ್ದ. ಓಟದ ದಿನ ಅದಕ್ಕಿಂತ ಹೆಚ್ಚು ಹಾಕುವಂತಿಲ್ಲ. ಮೈ ಉಜ್ಜಿ, ರಾತ್ರಿಯ ಕಂಬಳಿಯನ್ನು ಬಾಗಿಲ ಮೇಲೆ ಹರವಿ, ಚಿಲಕ ಹಾಕಿ ಬಲಿಪೂಜೆಗೆ ಹೊರಟಿದ್ದ.

"ಒಳ್ಳೇ ದಿನ ಅನ್ಕೊಂಡೆ ಯಜಮಾನ್ರೇ. ಗಾಳಿ ಇರ್ಲಿಲ್ಲ. ಮನೆ ಚಿಮಣಿ ಹೊಗೆ ದಾರ ಹಿಡಿದಂಗೆ ನೆಟ್ಟಗೆ ಮೇಲಕ್ ಹೋಗ್ತಿತ್ತು. ಅವಳಿಗೆ ಗಾಳಿ ಅಂದ್ರೆ ಆಗಲ್ಲ ನೋಡಿ."

ಪ್ಯಾಕಿ, ಕುದುರೆಯ ತರಬೇತುದಾರ ಗಸ್ ಗಿಲ್ಡೀ, ಸವಾರಿ ಮಾಡಬೇಕಿದ್ದ ಗಸ್‌ನ ಅಣ್ಣನ ಮಗ ಕೋಲ್ಮನ್, ಮೂವರೂ ಹೊಲದ ದಾರಿಯಲ್ಲಿ ನಡೆದು ಹೋದರು. ಕೋಲ್ಮನ್‌ನ ತಾಯಿ ವಿನಿಫ್ರೆಡ್ ಗಿಲ್ಡೀ ಮಂಡಿನೋವಿನವರು, ಎಂದಿನಂತೆ ಹಿಂದಿನಿಂದ ಗಾಡಿಯಲ್ಲಿ ಬಂದರು. ಎಲ್ಲರೂ ಮರಳಿ ಬಂದು ನೋಡಿದರೆ ಲಾಯ ಖಾಲಿ. ಮೇ ಮಾರ್ನಿಂಗ್ ಹೊಳೆದಂಡೆಯ ಹುಲ್ಲುಗಾವಲಿನಲ್ಲಿ ನಿಂತಿತ್ತು, ಹೊಟ್ಟೆ ತಮಟೆಯಂತೆ ಬಿಗಿದಿತ್ತು. ತುಂಬಿದ ಹೊಟ್ಟೆಯ ಕುದುರೆಯನ್ನು ಬೇಲಿ ಹಾರಿಸಿದರೆ ಅದರ ಪ್ರಾಣಕ್ಕೇ ಸಂಚಕಾರ. ಓಡಿಸುವ ಮಾತೇ ಇಲ್ಲ.

ಗಸ್ ಒಂದು ಕ್ಷಣವೂ ಯೋಚಿಸಲಿಲ್ಲ. ಪ್ಯಾಕಿ ಒಂದು ಕಾಲದ ಜಾಕಿ, ಒಂದು ಕಾಲದ ಕುಡುಕ. ಕುಡಿತ ಬಿಡುವ ಪ್ರತಿಜ್ಞೆ ಮಾಡಿ ವರ್ಷಗಳಾಗಿದ್ದರೂ ಊರು ಎರಡನೆಯದನ್ನು ಮರೆತಿರಲಿಲ್ಲ. ಹಬ್ಬದ ಹಿಂದಿನ ರಾತ್ರಿ ಗುಂಡು ಹಾಕಿ, ಅಮಲಿನಲ್ಲಿ ಚಿಲಕ ಮರೆತಿದ್ದಾನೆ ಎಂದು ಗಸ್ ಮತ್ತೆ ಇಗರ್ಜಿಯ ಗೇಟಿನವರೆಗೆ ಹೋಗಿ ಕೂಗಾಡಿದ್ದ. ಸಂಜೆಯೊಳಗೆ ಲಾಯದ ಮೇಲಿನ ಕೋಣೆ ಖಾಲಿ ಮಾಡಬೇಕೆಂದು ಅಪ್ಪಣೆಯಾಗಿತ್ತು.

"ಕೋಣೆ ಹೋದ್ರೆ ಹೋಗ್ಲಿ," ಎಂದ ಪ್ಯಾಕಿ. "ಕುಡಿದು ಕುದುರೆ ಹಾಳ್ಮಾಡ್ದೋನು ಅಂತ ಹೆಸರು ಬಂದ್ರೆ ಇನ್ನು ಯಾವ ಲಾಯದಲ್ಲೂ ನನ್ನ ಹೊಸ್ತಿಲು ತುಳಿಯೋಕೆ ಬಿಡಲ್ಲ. ಬೇರೆ ಕೆಲಸ ನಂಗೆ ಬರಲ್ಲ."

ಟಾರ್ಪಿಯವರು ಎದ್ದು ಕೋಟು ಹಾಕಿಕೊಂಡರು. ಬಾರ್ಟ್ಲಿ ಮೊಟ್ಟೆಯನ್ನು ಎರಡೇ ಬಾರಿಗೆ ಬಾಯಿಗೆ ಹಾಕಿಕೊಂಡು ಹಿಂದೆ ನಡೆದ.

ದಾರಿಯುದ್ದಕ್ಕೂ ಅವನ ಮನಸ್ಸು ಹಿಂದಿನ ಸಂಜೆಯಲ್ಲೇ ಇತ್ತು. ಓಟದ ಹಿಂದಿನ ದಿನ ಸಂಜೆ ಊರಿನ ಹೋಟೆಲಿನ ಊಟದ ಕೋಣೆಯಲ್ಲಿ ಬಾರ್ಟ್ಲಿ ಕುರ್ಚಿ ಹತ್ತಿ ನಿಂತು ಮರುದಿನದ ಕುದುರೆಗಳ ಗುಣಗಾನ ಮಾಡುವುದು ವಾಡಿಕೆ. ಈಗ ಆ ಕೋಣೆಯಲ್ಲಿ ಬಟ್ಟೆ ಅಂಗಡಿ ಇದೆ, ಕಿಲ್‌ಮೊರಾದ ರೇಸ್ ಕೋರ್ಸಿನಲ್ಲಿ ಮನೆಗಳೆದ್ದಿವೆ. ಆದರೆ ಆ ಸಂಜೆಗಳನ್ನು ಕಂಡವರು ಇಂದಿಗೂ ಅವುಗಳ ಮಾತು ಬಂದರೆ ಚಹಾ ಆರಿಹೋಗಲು ಬಿಡುತ್ತಾರೆ. ಸೌದೆಯಲ್ಲ, ಜೌಗುಮಣ್ಣಿನ ಹೆಂಟೆ ಉರಿಯುವ ಬೆಂಕಿ, ಒದ್ದೆ ಕೋಟುಗಳ ವಾಸನೆ, ಹೊಗೆಯ ನಡುವೆ ಕುರ್ಚಿಯ ಮೇಲೆ ಬಾರ್ಟ್ಲಿ. ಅವನ ಬಾಳಿನಲ್ಲಿ ಅದಕ್ಕಿಂತ ಎತ್ತರದ ಜಾಗ ಅವನು ಹತ್ತಲಿಲ್ಲ.

ಟಿಂಕರ್ಸ್ ಕೆಟಲ್‌ಗೆ ಹಾರುವುದು ಗೊತ್ತಿದೆ, ಓಡುವುದು ಮರೆತುಹೋಗಿದೆ ಎಂದು ಶುರುಮಾಡಿದ್ದ. ಓಲ್ಡ್ ಸೋಲ್ಜರ್ ಮೂರನೆಯ ಸ್ಥಾನವನ್ನು ಪಿತ್ರಾರ್ಜಿತ ಆಸ್ತಿ ಎಂದು ತಿಳಿದಿದೆ, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಬಿಷಪ್ಸ್ ಹ್ಯಾಟ್ ಡಬ್ಲಿನ್ನಿನ ರೆಡ್ಮಂಡ್ ವೀಸಿಯವರ ಕುದುರೆ, ಒಣನೆಲದಲ್ಲಿ ಬಿರುಗಾಳಿ, ಕೆಸರಿನಲ್ಲಿ ಹಾಲುಕೊಡುವ ಹಸು. ವೀಸಿಯವರೂ ಅಲ್ಲೇ ಕೂತು ನಗುತ್ತಿದ್ದರು. ಹಾಗಾದರೆ ಆ ಹೆಣ್ಣುಕುದುರೆ ನಾಳೆ ಮನೆಯಲ್ಲೇ ಉಳಿಯಲಿ ಅಂತ ನಾನು ಹರಕೆ ಹೊರಬೇಕು ಎಂದಿದ್ದರು. ಬೆಳಗಾದ ಮೇಲೆ ಆ ಮಾತು ಹಲವರಿಗೆ ನೆನಪಾಯಿತು, ವೀಸಿ ಬೇರೆ ಪಂಥದವರಾದ್ದರಿಂದ ಬಲಿಪೂಜೆಗೆ ಬಂದಿರಲಿಲ್ಲ ಎಂಬುದೂ ಅದರ ಜೊತೆ ಸೇರಿತು.

ಕೊನೆಯಲ್ಲಿ ಮೇ ಮಾರ್ನಿಂಗ್. "ನೆಲ ಮೆತ್ತಗಿದೆ, ಅವಳಿಗೆ ಹೇಳಿ ಮಾಡಿಸಿದ ಹಾಗಿದೆ," ಎಂದಿದ್ದ ಬಾರ್ಟ್ಲಿ. "ಕೊನೇ ಸುತ್ತಲ್ಲಿ ಹಳ್ಳದ ಬೇಲಿ ಹತ್ರ ನಿಂತು ನೋಡಿ. ನಮ್ಮ ಕೋಲ್ಮನ್ ಅದನ್ನ ಅವನ ಅಪ್ಪನ ಥರಾನೇ ಹಾರ್ತಾನೆ. ಲಗಾಮು ಎಳೆಯೋದೇ ಇಲ್ಲ."

ಮಾತು ಬಾಯಿಂದ ಬಿದ್ದ ಮೇಲೆ ಅವನು ನಾಲಿಗೆ ಕಚ್ಚಿಕೊಂಡ. ಕೋಲ್ಮನ್‌ನ ಅಪ್ಪ ಫರ್ಗಲ್ ಗಿಲ್ಡೀ ಪ್ರಾಣ ಬಿಟ್ಟದ್ದು ಅದೇ ಹಳ್ಳದ ಬೇಲಿಯಲ್ಲಿ, ಅದೇ ಕಪ್ಪಿನ ಓಟದಲ್ಲಿ. ಕೋಲ್ಮನ್ ಮಾತ್ರ ಹೆಮ್ಮೆಯಿಂದ ಕೆಂಪಾಗಿದ್ದ. ಗಸ್ ಜೋರಾಗಿ ಕೆಮ್ಮಿ ಎಲ್ಲರಿಗೂ ಇನ್ನೊಂದು ಸುತ್ತು ಕುಡಿಯಲು ತರಿಸಿದ. ತಲೆನೋವೆಂದು ವಿನಿಫ್ರೆಡ್ ಬೇಗ ಮನೆಗೆ ಹೋದರು.

ಗಿಲ್ಡೀ ಮನೆಯ ಅಂಗಳದಲ್ಲಿ ಗಸ್ ಕೆಂಡ ತುಳಿದವನಂತೆ ಓಡಾಡುತ್ತಿದ್ದ. ಟಾರ್ಪಿಯವರು ಅವನಿಗೆ ಟೋಪಿ ಎತ್ತಿ ವಂದಿಸಿ ನೇರವಾಗಿ ಹುಲ್ಲುಗಾವಲಿಗೆ ಹೋದರು. ಮೇ ಮಾರ್ನಿಂಗ್ ಮೈಮೇಲೆ ಕಂಬಳಿ ಹೊದ್ದು, ಬೊಜ್ಜು ಬಂದ ಯಜಮಾನಿಯಂತೆ ನಿರಾಳವಾಗಿ ನಿಂತಿತ್ತು. ಕಂಬಳಿಯ ಪಟ್ಟಿಗಳೆಲ್ಲ ಒಂದೂ ತಪ್ಪದೆ ಬಿಗಿದಿದ್ದವು. ಬಾಗಿಲ ಮೇಲೆ ಹರವಿದ್ದ ಕಂಬಳಿ ಅವಳ ಮೈಮೇಲೆ ಹೇಗೆ ಬಂತು ಎಂದು ಟಾರ್ಪಿ ಕೇಳಿದರು. ಕುಡಿದವನಿಗೆ ಕಂಬಳಿ ಎಲ್ಲಿ ಹಾಕಿದೆ ಅಂತ ನೆನಪಿರುತ್ತಾ ಎಂದು ಗಸ್ ಗುಡುಗಿದ.

ಟಾರ್ಪಿಯವರು ಕುದುರೆಯ ತುಟಿ ಎತ್ತಿ ಹಲ್ಲು ನೋಡಿದರು, ಅದರ ಗದ್ದದ ಕೂದಲನ್ನು ಎರಡು ಬೆರಳಲ್ಲಿ ಉಜ್ಜಿದರು. ಕೂದಲು ಅಂಟಂಟಾಗಿತ್ತು. ಬಾರ್ಟ್ಲಿಯೂ ಬಗ್ಗಿ ಅದರ ಮೂತಿಯನ್ನು ಮೂಸಿದ, ಒಮ್ಮೆಲೇ ಅವನ ಎದೆ ತುಂಬಿಬಂತು. ಚಿಕ್ಕಂದಿನಲ್ಲಿ ಶನಿವಾರದ ರಾತ್ರಿ ಅಪ್ಪ ಹೊಲದ ಕುದುರೆಗಳಿಗೆ ಬೇಯಿಸುತ್ತಿದ್ದ ಅಗಸೆ ಗಂಜಿಯ ವಾಸನೆ ಅದು. ಎಣ್ಣೆಯ ಜಿಡ್ಡು, ಬೂಸಾದ ಬಿಸಿ, ಅಪ್ಪನ ತೋಳು. ಅಮ್ಮ ಬೈದರೂ ಮಕ್ಕಳೆಲ್ಲ ಆ ಪಾತ್ರೆಯ ಅಂಚಿಗೆ ಬೆರಳು ಹಾಕಿ ನೆಕ್ಕುತ್ತಿದ್ದರು.

ಅದನ್ನು ಅವನು ಹೇಳಿದಾಗ ಟಾರ್ಪಿಯವರು ತಲೆಯಾಡಿಸಿ, ಗೇಟಿನ ಸುತ್ತಲಿನ ಹುಲ್ಲು ನೋಡಿದರು. ಎಳೆಹುಲ್ಲು ಇಬ್ಬನಿ ಹೊತ್ತು ಹಾಗೇ ನಿಂತಿತ್ತು, ಯಾವ ಪ್ರಾಣಿಯೂ ಮೇಯ್ದಿರಲಿಲ್ಲ. ಎಲ್ಲರೂ ಅಡುಗೆಮನೆಯಲ್ಲಿ ಸೇರಲಿ, ವೀಸಿಯವರಿಗೂ ಹೇಳಿಕಳಿಸಿ ಎಂದರು.

ವೀಸಿ ಮುಖ ಊದಿಸಿಕೊಂಡೇ ಬಂದರು. ಬೆಳಿಗ್ಗೆ ಅವರು ರೇಸ್ ಕೋರ್ಸಿನಲ್ಲಿ ಕೋಲು ಚುಚ್ಚಿ ನೆಲ ಪರೀಕ್ಷಿಸುತ್ತಿದ್ದರಂತೆ, ನೋಡಿದವರು ಯಾರೂ ಇಲ್ಲ. "ನಾನು ಆ ಕುದುರೇನ ಸೋಲಿಸೋಕೆ ಬಂದೋನು ರೀ," ಎಂದರು. "ಎದುರಾಳೀನೇ ಇಲ್ದೆ ಕಪ್ ತಗೊಂಡು ಹೋಗೋಕಲ್ಲ."

ವಿನಿಫ್ರೆಡ್ ಒಲೆಯ ಪಕ್ಕ ನಿಂತಿದ್ದರು, ಕೋಲ್ಮನ್ ಕಿಟಕಿಗೆ ಒರಗಿದ್ದ. ಪ್ಯಾಕಿ ಬಾಗಿಲಿನಿಂದ ಒಳಗೆ ಬರಲೇ ಇಲ್ಲ. ಟಾರ್ಪಿಯವರು ಮೇಜಿನ ತುದಿಯಲ್ಲಿ ಕೂತು, ನಾನು ಊಹೆ ಮಾಡುವವನಲ್ಲ, ಅದು ಬಾರ್ಟ್ಲಿಯ ಕೆಲಸ, ಕಂಬ ದಾಟಿದ್ದನ್ನು ಮಾತ್ರ ಹೇಳುತ್ತೇನೆ ಎಂದು ಶುರುಮಾಡಿದರು.

"ಮೊದಲು ಪ್ಯಾಕಿ ವಿಷಯ. ಇವತ್ತು ಅವನು ಪ್ರಸಾದ ತಗೊಂಡ, ನಾನು ನೋಡಿದೆ. ಗಸ್, ಅವನು ರಾತ್ರಿಯೆಲ್ಲ ಕುಡಿದಿದ್ದ ಅಂದ್ರೆ, ಆ ಬಾಯಲ್ಲೇ ಪ್ರಸಾದ ತಗೊಂಡ ಅಂತಾಯ್ತು. ನಿನಗೆ ಅವನು ಸುಳ್ಳು ಹೇಳಬಹುದಪ್ಪಾ. ಅಲ್ಲಿ ಹೇಳ್ತಾನಾ?"

ಕಿಲ್‌ಮೊರಾದಲ್ಲಿ ಆ ಪ್ರಶ್ನೆಗೆ ಎರಡು ಉತ್ತರ ಇರಲಿಲ್ಲ. ಅಪ್ಪಟ ಪೋಲಿಯೂ ಮಾಡದ ಕೆಲಸ ಅದು. ಅಮಲಿನವನು ಬೆಂಚಿನಲ್ಲೇ ತಲೆ ತಗ್ಗಿಸಿ ಕೂತಿರುತ್ತಿದ್ದ.

ಟಾರ್ಪಿ ಮುಂದುವರಿಸಿದರು. ಕುದುರೆ ಹುಲ್ಲು ಮೇಯ್ದಿಲ್ಲ, ಅದರ ಹಲ್ಲಿನಲ್ಲಿ ಹಸಿರಿಲ್ಲ. ಹೊಟ್ಟೆಯಲ್ಲಿರುವುದು ಅಗಸೆ ಗಂಜಿ. ಓಡಿ ದಣಿದ ಕುದುರೆಗೆ ಓಟದ ರಾತ್ರಿ ಕೊಡುವ ಊಟ, ಓಟದ ಬೆಳಿಗ್ಗೆ ಯಾವ ಬುದ್ಧಿವಂತನೂ ಕೊಡುವುದಿಲ್ಲ. ಅಗಸೆ ಸರಿಯಾಗಿ ಬೇಯದಿದ್ದರೆ ವಿಷ, ಆದ್ದರಿಂದ ಸಣ್ಣ ಉರಿಯಲ್ಲಿ ರಾತ್ರಿಯಿಡೀ ಕಾಯಬೇಕು. ಹೋಟೆಲಿನಲ್ಲಿ ಇಳಿದುಕೊಂಡಿರುವ ವೀಸಿಯವರಿಗೆ ಒಲೆ ಎಲ್ಲಿಯದು? ಅಲ್ಲದೆ ಹಗೆಯವನಾಗಿದ್ದರೆ ಒಂದು ಬಕೆಟ್ ತಣ್ಣೀರು ಕುಡಿಸಿ ಓಡಿಹೋಗುತ್ತಿದ್ದ.

"ಇಲ್ಲಿ ಹಾಗಾಗಿಲ್ಲ. ಗಂಜಿ ಹದವಾಗಿ ಬೆಂದಿದೆ, ಹದವಾಗಿ ಆರಿದೆ. ಮಾರ್ಚ್ ಚಳಿಗೆ ಕಂಬಳಿ ಹೊದಿಸಿ, ಪಟ್ಟಿ ಬಿಗಿದು ಆಮೇಲೆ ಬಿಟ್ಟಿದ್ದಾರೆ. ಅವಳು ಓಡಬಾರದು, ಆದ್ರೆ ಅವಳಿಗೆ ನೋವೂ ಆಗಬಾರದು. ಹಾಗೆ ಅಂದ್ಕೊಂಡೋರ ಕೆಲಸ ಇದು."

ಪ್ಯಾಕಿ ನಸುಕಿನಲ್ಲಿ ಈ ಮನೆಯ ಚಿಮಣಿಯಿಂದ ಹೊಗೆ ಏಳುವುದನ್ನು ಕಂಡಿದ್ದ, ಅದರಿಂದ ಏನನ್ನೂ ಊಹಿಸದೆ ಗಾಳಿಯಿಲ್ಲವೆಂದು ಸಂತೋಷಪಟ್ಟಿದ್ದ. ಪ್ರಸಾದದ ಬೆಳಿಗ್ಗೆ ಚಹಾ ಕೂಡ ಕಾಯಿಸದ ಊರಿನಲ್ಲಿ ಆ ಬೆಂಕಿ ಯಾತಕ್ಕೆ ಎಂದು ಟಾರ್ಪಿ ಕೇಳಿದರು.

"ಸಂಜೆಗೆ ಅಂತ ಮಾಡಿರಬಹುದು," ಎಂದ ಕೋಲ್ಮನ್ ತಟ್ಟನೆ. "ರೇಸ್ ಆದ್ಮೇಲೆ ಕೊಡೋಕೆ."

"ಹಾಗಿದ್ರೆ ಪಾತ್ರೇಲಿ ಇರಬೇಕಿತ್ತಲ್ಲ ಮಗು."

ಗಂಜಿಯ ದೊಡ್ಡ ಪಾತ್ರೆ ತೊಳೆದು, ಒಲೆಯ ಮೇಲಿನ ಮೊಳೆಗೆ ತೂಗುಹಾಕಿತ್ತು. ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕೋಲ್ಮನ್ ಅದನ್ನು ನೋಡಿದ, ಆಮೇಲೆ ತಾಯಿಯನ್ನು ನೋಡಿದ.

ಇವತ್ತು ಪ್ರಸಾದಕ್ಕೆ ಏಳದೆ ಕೂತವರು ಒಬ್ಬರಿದ್ದರು, ಒಂದು ಹಬ್ಬಕ್ಕೂ ತಪ್ಪಿಸಿದವರಲ್ಲ ಎಂದರು ಟಾರ್ಪಿ. "ಮನಸ್ಸಿನಲ್ಲಿ ಭಾರ ಇಟ್ಕೊಂಡು ಹೋಗಬಾರದು ಅಂತ ಕೂತ್ರು. ಅವರ ಹೆಸರು ನಾನು ಹೇಳಲ್ಲ. ಅಲ್ಲಿ ತೀರ್ಪು ಕೊಡೋನು ನಾನಲ್ಲ."

"ನಾನೇ," ಎಂದರು ವಿನಿಫ್ರೆಡ್.

ಅವರು ದನಿ ಎತ್ತರಿಸಲಿಲ್ಲ. ಮಗನಿಗೆ ಬೇಡ ಅಂತ ಎಷ್ಟೋ ಸಲ ಹೇಳಿದ್ದರಂತೆ, ಅವನು ನಕ್ಕು ಅಪ್ಪಿಕೊಂಡು ಹೋಗಿದ್ದ. ನಿನ್ನೆ ಹೋಟೆಲಿನಲ್ಲಿ ಅಪ್ಪನ ಥರಾನೇ ಹಾರುತ್ತಾನೆ ಎಂಬ ಮಾತು ಕೇಳಿದಾಗ ಅವನ ಮುಖದಲ್ಲಿ ಎದ್ದ ಬೆಳಕು ನೋಡಿ, ಇವನನ್ನು ಮಾತಿನಿಂದ ತಡೆಯಲಾಗದು ಎಂದು ತಿಳಿಯಿತಂತೆ. ಎಲ್ಲರೂ ಮುಂದೆ ನಡೆದ ಮೇಲೆ ಗಂಜಿ ತಿನ್ನಿಸಿ, ಕುದುರೆಯನ್ನು ಹುಲ್ಲುಗಾವಲಿಗೆ ಬಿಟ್ಟು ಗಾಡಿ ಹತ್ತಿದ್ದರು. ಚಿಲಕ ತಾನೇ ಜಾರಿತು ಎಂದು ಎಲ್ಲರೂ ತಿಳಿಯಲಿ ಎಂದಿದ್ದರು. ಮೈದುನ ಗಸ್, ಪ್ಯಾಕಿಯ ಮೇಲೆ ಹರಿಹಾಯ್ದಾಗ ಚಿಲಕ ಸಡಿಲವಾಗಿತ್ತು ಎಂದು ಮತ್ತೆ ಮತ್ತೆ ಹೇಳಿದರೂ ಅವನು ಕಿವಿಗೊಟ್ಟಿರಲಿಲ್ಲ. ನಿಜ ಹೇಳಲು ಬಾಯಿ ಬಂದಿರಲಿಲ್ಲ.

"ನಿನ್ನ ಅಪ್ಪನ್ನ ಬಾಗಿಲು ಕಿತ್ತು ಅದರ ಮೇಲೆ ಮಲಗಿಸಿ ಈ ಮನೆಗೆ ತಂದ್ರು, ಕೋಲ್ಮನ್," ಎಂದರು. "ಇದೇ ಮೇಜಿನ ಮೇಲೆ ಇಟ್ರು. ನೀನು ಆಗ ತುಂಬಾ ಚಿಕ್ಕವನು."

ಬಾರ್ಟ್ಲಿ ತನ್ನ ಬೂಟುಗಳನ್ನೇ ನೋಡುತ್ತಿದ್ದ. ಕೋಲ್ಮನ್ ತಾಯಿಯ ಹತ್ತಿರ ಹೋಗಿ ನಿಂತ. ಆಗ ಮಾತಾಡಿದವನು ಪ್ಯಾಕಿ, ಬಾಗಿಲಿನಿಂದಲೇ.

"ನಂಗೊಂದು ಮಾತು ಹೇಳ್ಬಾರ್ದಿತ್ತಾ ಅಮ್ಮಾವ್ರೇ. ಚಿಲಕ ನಾನೇ ತೆಗೀತಿದ್ದೆ. ಅವತ್ತು ಧಣೀರ ತಲೆ ನನ್ನ ತೊಡೆ ಮೇಲಿತ್ತು."

ವಿನಿಫ್ರೆಡ್ ಅಲ್ಲಿಯವರೆಗೂ ಅತ್ತಿರಲಿಲ್ಲ.

ಗಸ್ ಒರಟ, ಆದರೆ ಕೆಟ್ಟವನಲ್ಲ. ಹೋಗಿ ಪ್ಯಾಕಿಯ ತೋಳು ಹಿಡಿದು ಒಳಗೆ ಎಳೆದು ಕುರ್ಚಿಯಲ್ಲಿ ಕೂರಿಸಿದ, ಅವನಿಗೆ ಬರುವ ಕ್ಷಮಾಪಣೆ ಅಷ್ಟೇ. ಆಮೇಲೆ, ಮಾತು ಈ ಅಡುಗೆಮನೆಯಲ್ಲೇ ಉಳಿಯಲಿ, ಕುದುರೆಗೆ ಕೆಮ್ಮು ಬಂತು ಅಂದರಾಯಿತು ಎಂದ. ವೀಸಿ ಕೂಡ, ಡಬ್ಲಿನ್ನಿನವರು ಅಷ್ಟೇನೂ ಬಾಯಿಬಡುಕರಲ್ಲ ಎಂದು ಭರವಸೆ ಕೊಟ್ಟರು. ಹಾಗೇ ಆಗಲಿ ಎಂದು ಎಲ್ಲರಿಗಿಂತ ಮೊದಲು ಒಪ್ಪಿದವನು ಪ್ಯಾಕಿ.

ವಿನಿಫ್ರೆಡ್ ಕಣ್ಣೊರೆಸಿಕೊಂಡು ಟಾರ್ಪಿಯವರ ಕಡೆ ತಿರುಗಿದರು. ಗಸ್ ಇಗರ್ಜಿಯ ಗೇಟಿನಲ್ಲಿ ಕೂಗಿದ್ದನ್ನು ಎಷ್ಟು ಜನ ಕೇಳಿಸಿಕೊಂಡಿರಬಹುದು ಎಂದು ಕೇಳಿದರು. ಇಡೀ ಊರು ಎಂದರು ಟಾರ್ಪಿ. ವಿನಿಫ್ರೆಡ್ ಮತ್ತೇನೂ ಕೇಳದೆ ಟೋಪಿ ಹಾಕಿಕೊಂಡರು.

ಫರ್ಗಲ್ ಸತ್ತ ಮೇಲೆ ವಿನಿಫ್ರೆಡ್ ಗಿಲ್ಡೀ ರೇಸ್ ಕೋರ್ಸಿನಲ್ಲಿ ಕಾಲಿಟ್ಟಿರಲಿಲ್ಲ. ಆ ಮಧ್ಯಾಹ್ನ ಅವರು ಪ್ಯಾಕಿಯ ತೋಳು ಹಿಡಿದು ಒಳಗೆ ಬಂದಾಗ ಕೋಟಿನಲ್ಲಿ ಹಬ್ಬದ ಗುರುತಾದ ಹಸಿರು ಮೂರೆಲೆ ಸಿಕ್ಕಿಸಿಕೊಂಡ ಜನರೆಲ್ಲ ದಾರಿ ಬಿಟ್ಟರು. ಕುದುರೆಗಳ ಹೆಸರಿನ ಹಲಗೆಯ ಮುಂದೆ ಗುಮಾಸ್ತ ಮೇ ಮಾರ್ನಿಂಗ್ ಮೇಲೆ ಗೀಟು ಎಳೆದು, ಕಾರಣ ಏನು ಬರೆಯಲಿ ತಾಯಿ ಎಂದು ಕೇಳಿದ.

"ಲಾಯದ ಚಿಲಕ ಪ್ಯಾಕಿ ಲೈನ್ ಹಾಕಿದ್ದ," ಎಂದರು ಅವರು, ಸುತ್ತ ನಿಂತವರಿಗೆಲ್ಲ ಕೇಳುವಂತೆ. "ತೆಗೆದವಳು ನಾನು. ನನ್ನ ಮಗ ಓಡೋದು ನಂಗೆ ಬೇಕಿರ್ಲಿಲ್ಲ."

ಗುಮಾಸ್ತ ಸೀಮೆಸುಣ್ಣ ಹಿಡಿದು ನಿಂತೇ ಇದ್ದ. ಯಾರೋ ಒಬ್ಬರು ಟೋಪಿ ತೆಗೆದರು, ನೋಡನೋಡುತ್ತ ಎಲ್ಲರೂ ತೆಗೆದರು. ಓಟ ಗೆದ್ದದ್ದು ಟಿಂಕರ್ಸ್ ಕೆಟಲ್. ಬಾರ್ಟ್ಲಿಯನ್ನು ಊರಿನವರು ಮುಂದಿನ ಪ್ಯಾಟ್ರಿಕ್ಕನ ಹಬ್ಬದವರೆಗೂ ಹುರಿದು ಮುಕ್ಕಿದರು.

ಮುಂದಿನ ವರ್ಷ ಕೋಲ್ಮನ್ ತಾಯಿಯನ್ನು ಕೇಳಿದ. ಈ ಸಲ ನಗಲಿಲ್ಲ, ಉತ್ತರಕ್ಕೆ ಕಾದ. ಹೋಗು ಎನ್ನಲು ಅವರಿಗೆ ಒಂದಿಡೀ ವಾರ ಬೇಕಾಯಿತು. ಓಟದ ದಿನ ಅವರು ಮೇಲಿನ ಆಸನಗಳಿಗೆ ಹೋಗದೆ, ಕೆಸರಿನಲ್ಲಿ ನಡೆದು ಹಳ್ಳದ ಬೇಲಿಯ ಪಕ್ಕವೇ ನಿಂತರು. ಒಂದು ಕಡೆ ಪ್ಯಾಕಿ, ಇನ್ನೊಂದು ಕಡೆ ಟಾರ್ಪಿ ಮತ್ತು ಬಾರ್ಟ್ಲಿ.

ಕೊನೆಯ ಸುತ್ತಿನಲ್ಲಿ ನೆಲ ನಡುಗುವುದು ಮೊದಲು ಕಾಲಿಗೆ ತಿಳಿಯಿತು, ಆಮೇಲೆ ಕಿವಿಗೆ. ಮೇ ಮಾರ್ನಿಂಗ್ ಮುಂದಿತ್ತು. ಬಾರ್ಟ್ಲಿ ಕುದುರೆಯನ್ನು ನೋಡುವ ಬದಲು ವಿನಿಫ್ರೆಡ್‌ರ ಮುಖವನ್ನೇ ನೋಡುತ್ತಿದ್ದ. ಅವರು ಕಣ್ಣು ಮಿಟುಕಿಸಲಿಲ್ಲ. ಕುದುರೆ ಎದ್ದಿತು, ಆಕಾಶದಲ್ಲಿ ಒಂದು ಗಳಿಗೆ ಹಾಗೇ ಇತ್ತು, ಹಳ್ಳದ ಆಚೆ ಇಳಿದು ಕೆಸರು ಎರಚುತ್ತಾ ಓಡಿಹೋಯಿತು. ಯಾರು ಗೆದ್ದರೆಂದು ನೋಡಲು ವಿನಿಫ್ರೆಡ್ ತಿರುಗಲೂ ಇಲ್ಲ.

"ಕೈ ಬಿಡು ಪ್ಯಾಕಿ," ಎಂದರು. "ನೋಯ್ತಿದೆ."

ಪ್ಯಾಕಿ ಅವರ ಕೈಯನ್ನು ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡು ನಿಂತಿದ್ದ. ದಾಟಿದನಾ ಅಮ್ಮಾವ್ರೇ ಎಂದು ಕೇಳಿದ. ದಾಟಿದ, ಕಣ್ಣು ಬಿಡು ಎಂದರು ವಿನಿಫ್ರೆಡ್.